ಬೋನಾಳ ಪಕ್ಷಿಧಾಮ

ಬೋನಾಳ ಪಕ್ಷಿಧಾಮವು ಕರ್ನಾಟಕದ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿರುವ ಬೋನಾಳ ಕೆರೆಯನ್ನು ಆಶ್ರಯಿಸಿದ ಜಲಪಕ್ಷಿಗಳ ತಾಣವಾಗಿದೆ. ಗ್ರಾಮದ ಹೆಸರನ್ನು ಬೋನ್ಹಾಳ ಎಂದೂ ಬರೆಯುವುದುಂಟು. ರಂಗನತಿಟ್ಟಿನ ನಂತರ ಇದು ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಹೇಳುವ ವಾಡಿಕೆಯಿದೆ. ಇದು ನಿಸರ್ಗದತ್ತವಾದ ಸರೋವರವಲ್ಲ. ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದ ಕೆರೆ. ಆದ್ದರಿಂದ ಇಲ್ಲಿನ ಹಕ್ಕಿಗಳ ಬದುಕು ಕೆರೆಯ ನೀರನ್ನೂ ಅದನ್ನು ಬಳಸುವ ಜನರ ನಡವಳಿಕೆಯನ್ನೂ ಏಕಕಾಲಕ್ಕೆ ಅವಲಂಬಿಸಿದೆ.

ಭೌಗೋಳಿಕ ಹಿನ್ನೆಲೆ

ಬೋನಾಳವು ಸುರಪುರ ಪಟ್ಟಣದಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು ಹಿಂದೆ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಈ ಮೂರೂ ತಾಲ್ಲೂಕುಗಳು ಅದರಲ್ಲಿ ಸೇರಿದವು. ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಈ ಸೀಮೆಯಲ್ಲಿ ಮಳೆ ಕಡಿಮೆ, ಬೇಸಿಗೆ ಪ್ರಖರ. ಬಂಡೆಗಲ್ಲಿನ ಗುಡ್ಡಗಳ ಮೇಲೆ ಬಿದ್ದ ಮಳೆನೀರು ಬಹುಬೇಗ ಹರಿದುಹೋಗುತ್ತದೆ. ಹೀಗೆ ಹರಿಯುವ ನೀರನ್ನು ತಗ್ಗಿನಲ್ಲಿ ಏರಿ ಹಾಕಿ ತಡೆದು ನಿಲ್ಲಿಸುವುದು ಈ ಭಾಗದ ಹಳೆಯ ಪದ್ಧತಿ. ನಾರಾಯಣಪುರದ ಬಳಿ ಕೃಷ್ಣಾ ನದಿಗೆ ಬಸವಸಾಗರ ಜಲಾಶಯವನ್ನು ಕಟ್ಟಿ ಕಾಲುವೆಗಳ ಮೂಲಕ ನೀರು ಹರಿಸುವುದಕ್ಕೆ ಮೊದಲು ಇಲ್ಲಿನ ನೀರಾವರಿಗೆ ಕೆರೆ ಬಾವಿಗಳೇ ಆಧಾರವಾಗಿದ್ದವು.

ಇತಿಹಾಸ

ಕೆರೆಯನ್ನು 17ನೆಯ ಶತಮಾನದಲ್ಲಿ ಸುರಪುರದ ನಾಯಕ ಅರಸರಲ್ಲಿ ಒಬ್ಬನಾದ ರಾಜಾ ಪಾಮ ನಾಯಕನು ಕಟ್ಟಿಸಿದನೆಂದು ಹೇಳಲಾಗುತ್ತದೆ. 19ನೆಯ ಶತಮಾನದಲ್ಲಿ ಕೆರೆಯ ಅಭಿವೃದ್ಧಿ ಕಾರ್ಯವನ್ನು ಫಿಲಿಪ್ ಮೆಡೋಸ್ ಟೇಲರ್ ಕೈಗೊಂಡನು. ಅರಸನಾದ ವೆಂಕಟಪ್ಪ ನಾಯಕನು ಬಾಲಕನಾಗಿದ್ದ ಕಾಲದಲ್ಲಿ ಟೇಲರ್ ಬ್ರಿಟಿಷ್ ಅಧಿಕಾರಿಯಾಗಿ ಸುರಪುರಕ್ಕೆ ಬಂದು, 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. 1858ರಲ್ಲಿ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೋತ ನಂತರ ಸಂಸ್ಥಾನವು ಕೊನೆಗೊಂಡಿತು. ಮುಂದೆ ಈ ಪ್ರದೇಶವು ಹೈದರಾಬಾದಿನ ನಿಜಾಮನ ಆಡಳಿತಕ್ಕೆ ಸೇರಿತು. ರಾಜ್ಯಗಳು ಬದಲಾದರೂ ಕೆರೆ ಉಳಿಯಿತು, ಹಕ್ಕಿಗಳಿಗೆ ನೆಲೆಯೂ ಆಯಿತು.

ಮನುಷ್ಯನು ಕಟ್ಟಿದ ನೀರಿನ ಆಸರೆ ಹಕ್ಕಿಗಳ ನೆಲೆಯಾಗಿರುವುದು ಬೋನಾಳದಲ್ಲಿ ಮಾತ್ರವಲ್ಲ. ರಂಗನತಿಟ್ಟಿನ ನಡುಗಡ್ಡೆಗಳು ಸಹ ಮೈಸೂರಿನ ಅರಸರು 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು.

ಪಕ್ಷಿಗಳು

ಬೋನಾಳದಲ್ಲಿ ಕಂಡುಬರುವ ಪ್ರಮುಖ ಪಕ್ಷಿಗಳೆಂದರೆ ಕೆನ್ನೀಲಿ ಬಕ, ಬಿಳಿಕತ್ತಿನ ಕೊಕ್ಕರೆ, ಬಿಳಿ ಕೆಂಬರಲು, ಕರಿ ಕೆಂಬರಲು ಮತ್ತು ಪಟ್ಟೆತಲೆಯ ಹೆಬ್ಬಾತು. ಇವುಗಳ ಆಹಾರ ಕ್ರಮ ಒಂದೇ ಬಗೆಯದಲ್ಲ. ಕೆನ್ನೀಲಿ ಬಕವು ಜೊಂಡಿನ ಮರೆಯಲ್ಲಿ ಅಲುಗಾಡದೆ ನಿಂತು ಮೀನು ಕಪ್ಪೆಗಳನ್ನು ಹಿಡಿಯುತ್ತದೆ. ಬಿಳಿ ಕೆಂಬರಲು ತನ್ನ ಬಾಗಿದ ಉದ್ದ ಕೊಕ್ಕನ್ನು ಕೆಸರಿನಲ್ಲಿ ಊರಿ ಹುಳುಗಳನ್ನು ಹುಡುಕುತ್ತದೆ. ಕರಿ ಕೆಂಬರಲು ನೀರಿಗಿಂತ ಹೆಚ್ಚಾಗಿ ಒಣ ಹೊಲಗಳಲ್ಲಿ ಮೇಯುತ್ತದೆ. ಹೀಗೆ ಆಳದ ನೀರು, ತೆಳುನೀರು, ಕೆಸರು, ಜೊಂಡು, ಸುತ್ತಲ ಹೊಲ ಇವೆಲ್ಲವೂ ಇದ್ದಾಗ ಮಾತ್ರ ಇಂತಹ ಕೆರೆಯಲ್ಲಿ ಬಗೆಬಗೆಯ ಹಕ್ಕಿಗಳು ನೆಲೆಸಬಲ್ಲವು.

ಪಟ್ಟೆತಲೆಯ ಹೆಬ್ಬಾತು ಚಳಿಗಾಲದ ಅತಿಥಿ. ಬಿಳಿಯ ತಲೆಯ ಮೇಲಿರುವ ಎರಡು ಕಪ್ಪು ಪಟ್ಟೆಗಳಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಟಿಬೆಟ್, ಮಂಗೋಲಿಯಾ ಮುಂತಾದ ಮಧ್ಯ ಏಷ್ಯಾದ ಎತ್ತರದ ಪ್ರದೇಶಗಳ ಜಲಾಶಯಗಳ ಬಳಿ ಇದು ಮರಿಮಾಡುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತದೆ. ಈ ಪಯಣದಲ್ಲಿ ಸಮುದ್ರಮಟ್ಟದಿಂದ 7,000 ಮೀಟರಿಗೂ ಮೇಲೆ ಹಾರಿದ ಹಕ್ಕಿಗಳನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಇದರ ರಕ್ತದ ಹಿಮೋಗ್ಲೋಬಿನ್ ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹೀರಬಲ್ಲದು. ಕರ್ನಾಟಕದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಈ ಹೆಬ್ಬಾತುಗಳಿಗೆ ಹೆಸರಾಗಿದೆ. ಇವು ಹಗಲಿನಲ್ಲಿ ನೀರಿನ ಮೇಲೆ ವಿಶ್ರಮಿಸಿ, ಕತ್ತಲಾಗುವ ವೇಳೆಗೆ ಸುತ್ತಲ ಹೊಲಗಳಿಗೆ ಹೋಗಿ ಹುಲ್ಲು, ಕಾಳು, ಎಳೆಯ ಪೈರುಗಳನ್ನು ಮೇಯುತ್ತವೆ.

ವೀಕ್ಷಣೆ

ವಲಸೆ ಹಕ್ಕಿಗಳನ್ನು ನೋಡಲು ನವೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿ ಸೂಕ್ತ. ಸೂರ್ಯೋದಯದ ನಂತರದ ಒಂದೆರಡು ಗಂಟೆಗಳು ಮತ್ತು ಸಂಜೆಯ ಹೊತ್ತು ಹಕ್ಕಿಗಳ ಚಟುವಟಿಕೆ ಹೆಚ್ಚಾಗಿರುತ್ತದೆ. ಮುಂಬಯಿ–ಚೆನ್ನೈ ರೈಲುಮಾರ್ಗದಲ್ಲಿರುವ ಯಾದಗಿರಿ ನಿಲ್ದಾಣದಿಂದ ಶಹಾಪುರದ ಮೂಲಕ ಸುರಪುರಕ್ಕೆ ರಸ್ತೆಯಿದೆ. ದಾರಿಯಲ್ಲಿ ಸಿಗುವ ಶಹಾಪುರದ ಗುಡ್ಡಗಳ ಸಾಲು ಮಲಗಿರುವ ಬುದ್ಧನಂತೆ ಕಾಣುವುದರಿಂದ ಪ್ರಸಿದ್ಧವಾಗಿದೆ.

ಹಕ್ಕಿಗಳನ್ನು ದೂರದಿಂದ ದುರ್ಬೀನಿನ ಮೂಲಕ ನೋಡುವುದು ಉತ್ತಮ. ಹತ್ತಿರ ಹೋದಾಗ ಹಿಂಡು ಒಮ್ಮೆಗೇ ಮೇಲೇಳುವ ದೃಶ್ಯ ನೋಡುಗರಿಗೆ ಸೊಗಸಾಗಿ ತೋರಿದರೂ ಹಕ್ಕಿಗಳಿಗೆ ಅದು ನಷ್ಟ. ಮರುಪಯಣಕ್ಕಾಗಿ ಮೈಯಲ್ಲಿ ಕೂಡಿಟ್ಟ ಕೊಬ್ಬು ಪ್ರತಿ ಬಾರಿ ಹೀಗೆ ಹಾರುವಾಗ ವ್ಯರ್ಥವಾಗುತ್ತದೆ. ಪದೇ ಪದೇ ಬೆದರಿದ ಹಿಂಡು ಆ ಕೆರೆಯನ್ನೇ ತೊರೆಯಬಹುದು. ಗೂಡು ಕಟ್ಟಿದ ಹಕ್ಕಿಗಳು ಬೆದರಿ ಎದ್ದರೆ ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆ ಹದ್ದುಗಳಿಗೂ ಈಡಾಗುತ್ತವೆ.

ಸಂರಕ್ಷಣೆ

ಈ ಬಗೆಯ ಕೆರೆಗಳಿಗೆ ಹೂಳು, ಅತಿಯಾಗಿ ಹಬ್ಬುವ ಜಲಕಳೆ, ಅಂಗಳದ ಒತ್ತುವರಿ ಮತ್ತು ಹೊಲಗಳಿಂದ ಹರಿದುಬರುವ ಗೊಬ್ಬರ ಹಾಗೂ ಕೀಟನಾಶಕಗಳು ಮುಖ್ಯ ಅಪಾಯಗಳು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿದರೆ ವಲಸೆ ಹಕ್ಕಿಗಳು ಬೇರೆ ನೀರನ್ನು ಅರಸುತ್ತವೆ. ಹೂಳೆತ್ತುವುದು ಅಗತ್ಯವಾದರೂ ಅಂಚಿನವರೆಗೂ ಒಂದೇ ಸಮನೆ ಆಳವಾಗಿ ತೋಡಿದರೆ ಕಾಲಾಡಿಸಿ ಮೇಯುವ ಹಕ್ಕಿಗಳಿಗೆ ಬೇಕಾದ ತೆಳುನೀರು ಇಲ್ಲವಾಗುತ್ತದೆ.

ರೈತನ ಹಿತವೂ ಹಕ್ಕಿಯ ಹಿತವೂ ಕೆಲವೆಡೆ ಎದುರಾಗುತ್ತವೆ. ಹೆಬ್ಬಾತುಗಳು ಪೈರು ಮೇಯ್ದಾಗ ನಷ್ಟ ಅನುಭವಿಸುವವನು ಬೇಸಾಯಗಾರನೇ. ಬೇಸಿಗೆ ಬೆಳೆಗೆ ತೂಬಿನಿಂದ ಬಿಟ್ಟ ನೀರು ಕೆರೆಯಲ್ಲಿ ಹಕ್ಕಿಗಳ ಪಾಲಿಗೆ ಉಳಿಯುವುದಿಲ್ಲ. ಆದರೆ ಕೆರೆ ಹಾಳಾದರೆ ಇಬ್ಬರಿಗೂ ನೀರಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳನ್ನು ಗ್ರಾಮಸ್ಥರೇ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿಗಳ ಹಿಕ್ಕೆ ಅಲ್ಲಿನ ಹೊಲಗಳಿಗೆ ಗೊಬ್ಬರವಾಗಿ ಬಳಕೆಯಾಗಿದೆ. ಬೋನಾಳದಂತಹ ಕೆರೆಗಳಲ್ಲಿಯೂ ಹಕ್ಕಿಗಳ ರಕ್ಷಣೆಯು ಏರಿ, ತೂಬು, ನೀರಿನ ಹಂಚಿಕೆಗಳನ್ನು ನೋಡಿಕೊಳ್ಳುವ ಊರವರ ಸಹಕಾರವಿಲ್ಲದೆ ಸಾಧ್ಯವಾಗದು.