ರಾಜಕಂಠಿಕೆಯ ಸಂಖ್ಯೆ: ಮಹಾವೀರಾಚಾರ್ಯನ ಒಂದು ಗುಣಾಕಾರ ಮತ್ತು ಹೊಂಬುಜದ ಕನ್ನಡ ಆವೃತ್ತಿ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಸಾಹಿತ್ಯವನ್ನು ಕುರಿತು ಕನ್ನಡದಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಅದೇ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಗಣಿತದ ವಲಯದಾಚೆಗೆ ಅಷ್ಟಾಗಿ ಪರಿಚಿತವಲ್ಲ. ಈ ಕೃತಿಯ ಕನ್ನಡ ಅನುವಾದವು ಬೆಳಕು ಕಂಡದ್ದು ಶಿವಮೊಗ್ಗ ಮತ್ತು ಭದ್ರಾವತಿಗಳನ್ನೊಳಗೊಂಡ ಮಲೆನಾಡಿನ ಜಿಲ್ಲೆಯಲ್ಲಿಯೇ ಎಂಬುದು ಗಮನಾರ್ಹ.

ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ ಆಚಾರ್ಯನು ಪರಿಕರ್ಮಗಳನ್ನು ‘ಪ್ರತ್ಯುತ್ಪನ್ನ’ ಅಂದರೆ ಗುಣಾಕಾರದಿಂದ ಆರಂಭಿಸುತ್ತಾನೆ. ಅಲ್ಲಿನ ಒಂದು ಸಮಸ್ಯೆಯಲ್ಲಿ 142857143ನ್ನು 7ರಿಂದ ಗುಣಿಸಬೇಕು. ಬರುವ ಲಬ್ಧ 1000000001. ಇದನ್ನು ಅವನು ರಾಜನ ಕಂಠಹಾರವೆಂದು ವರ್ಣಿಸಿದ್ದಾನೆ. ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆಗಳ ಸರ.

ಈ ಸೊಬಗು ಆಕಸ್ಮಿಕವಲ್ಲ. 1001 ಎಂಬುದು 7, 11, 13ರ ಗುಣಲಬ್ಧ. ಆದುದರಿಂದ 1000ವು 7ರ ಗುಣಕಕ್ಕಿಂತ ಒಂದು ಕಡಿಮೆ; ಅದರ ಘನವಾದ ನೂರು ಕೋಟಿಯೂ ಹಾಗೆಯೇ ಒಂದು ಕಡಿಮೆ. ಅದಕ್ಕೆ ಒಂದನ್ನು ಕೂಡಿಸಿದರೆ 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಗುಣ್ಯವಾದ 142857143ರ ಅವಿಭಾಜ್ಯ ಅಪವರ್ತನಗಳು 11, 13, 19 ಮತ್ತು 52579. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವುದೆಂದು ಆಚಾರ್ಯನು ಸೂಚಿಸುವ 12345654321 ಕೂಡ ಇದೇ ಜಾತಿಯದು. ಅದು 111111ರ ವರ್ಗ.

ಇಂತಹ ಸಂಖ್ಯೆಗಳು ಕೇವಲ ವಿನೋದಕ್ಕಾಗಿ ಮಾತ್ರ ಇರಲಾರವು. ಲಬ್ಧದ ಆಕಾರವೇ ವಿದ್ಯಾರ್ಥಿಗೆ ತನ್ನ ಲೆಕ್ಕದ ತಾಳೆಯಾಗುತ್ತದೆ. ಗ್ರಂಥಸಂಪಾದಕನಿಗೂ ಇದು ಉಪಯುಕ್ತ. ಪದಗಳಿಂದ ಅಂಕಿಗಳನ್ನು ಸೂಚಿಸುವ ಪ್ರಾಚೀನ ಪದ್ಧತಿಯಲ್ಲಿ ಸಾಮಾನ್ಯವಾಗಿ ಏಕಸ್ಥಾನದಿಂದ ಎಣಿಕೆ ತೊಡಗುತ್ತದೆ. ಕ್ರಮ ತಪ್ಪಿ 341758241 ಎಂದು ಓದಿದರೆ ಲಬ್ಧವು 2392307687 ಆಗಿ ಹಾರವೇ ಹರಿದುಹೋಗುತ್ತದೆ. ಲಿಪಿಕಾರನು ಒಂದೇ ಒಂದು ಅಂಕಿಯನ್ನು ತಪ್ಪಿದರೂ ಹಾರ ಕೂಡಿಬರದು. ಅನ್ಯ ಪದ್ಯಗಳ ಪಾಠನಿರ್ಣಯಕ್ಕೆ ಪ್ರತ್ಯಂತರಗಳೇ ಆಧಾರವಾಗುವಾಗ, ಇಲ್ಲಿ ಗಣಿತವೇ ಪಾಠವನ್ನು ಕಾಯುತ್ತದೆ.

ವಲ್ಲಭನೆಂಬ ಟೀಕಾಕಾರನು ಈ ಕೃತಿಗೆ ಕನ್ನಡದಲ್ಲಿ ಟೀಕೆ ಬರೆದಿದ್ದಾನೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ ಸಹಿತ ಆವೃತ್ತಿಯನ್ನು 2000ದಲ್ಲಿ ಶಿವಮೊಗ್ಗ ಜಿಲ್ಲೆಯ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಹೊರತಂದಿತು. ಹೊಸನಗರ ತಾಲ್ಲೂಕಿನ ಈ ಜೈನಕ್ಷೇತ್ರದ ಶಾಸನಗಳಿಗೆ ಇತಿಹಾಸದಲ್ಲಿ ಸಲ್ಲುವ ಮಾನ್ಯತೆ ಅಲ್ಲಿಂದ ಹೊರಟ ಈ ಗಣಿತಗ್ರಂಥಕ್ಕೂ ಸಲ್ಲಬೇಕು.

ಪ್ರಾಚೀನ ವಿಜ್ಞಾನವನ್ನು ಕುರಿತ ಹೊಗಳಿಕೆ ಅನೇಕ ವೇಳೆ ಪ್ರಮಾಣವನ್ನು ಮೀರುತ್ತದೆ. ಮಹಾವೀರಾಚಾರ್ಯನ ಕಂಠಹಾರಕ್ಕೆ ಅಂತಹ ಹೊಗಳಿಕೆ ಬೇಕಿಲ್ಲ. ಏಳರ ಮಗ್ಗಿ ಬಲ್ಲ ಯಾರೇ ಆದರೂ ಅದನ್ನು ಪರೀಕ್ಷಿಸಬಹುದು. ಒಂದು ಸಹಸ್ರಮಾನ ಕಳೆದರೂ ಮುಕ್ಕಾಗದೆ ಉಳಿದಿರುವ ಪ್ರಮಾಣವಿದು.