ಬೂಷ್ಟನ್ನ ತಿನ್ನೋ ಬೂಷ್ಟು

1/5
ಗೊಬ್ಬರದ ಅಂಗಡೀಲಿ ಔಷಧಿ ಡಬ್ಬಿಗಳ ಪಕ್ಕ ಟ್ರೈಕೋಡರ್ಮಾ ಅಂತ ಒಂದು ಪುಡಿ ಪ್ಯಾಕೆಟ್ ನೋಡಿರ್ತೀರ. ಅದರೊಳಗಿರೋದು ಜೀವ ಇರೋ ಶಿಲೀಂಧ್ರ. ನಮ್ಮ ಮಾತಲ್ಲಿ ಬೂಷ್ಟು. ಬಾಳೆ, ಪಪ್ಪಾಯಿ, ದಾಳಿಂಬೆ ಬೇರಿಗೆ ರೋಗ ತರೋದೂ ಬೂಷ್ಟಿನ ಜಾತಿಯೇ. ಹಾಗಾದ್ರೆ ಕಾಯೋ ಬೂಷ್ಟು ಯಾವಾಗ ಸಿಕ್ತು?

2/5
ಪರ್ಸೂನ್ ಅನ್ನೋ ವಿಜ್ಞಾನಿ ಇದಕ್ಕೆ ಹೆಸರಿಟ್ಟಿದ್ದು 1794ರಲ್ಲಿ. ಅದು ಬೇರೆ ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು ಕೊಲ್ಲುತ್ತೆ ಅಂತ ರಿಚರ್ಡ್ ವೈಂಡ್ಲಿಂಗ್ ಬರೆದದ್ದು 1932ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ, ನಿಂಬೆ ಜಾತಿಯ ಸಸಿಗಳು ಬುಡ ಕೊಳೆತು ಬೀಳ್ತಿದ್ವು. 1936ರಲ್ಲಿ ಅವರು ಫಾಸೆಟ್ ಜೊತೆ ಸೇರಿ ಆ ಸಸಿಗಳ ಮೇಲಿನ ಪ್ರಯೋಗ ಪ್ರಕಟಿಸಿದ್ರು. ಅಂದ್ರೆ ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು ಹಣ್ಣಿನ ಗಿಡದ್ದೇ.

3/5
ಈಗ ನಮ್ಮ ಕರ್ನಾಟಕಕ್ಕೆ ಬನ್ನಿ. ನಂಜನಗೂಡು ರಸಬಾಳೆ ಗೊತ್ತಲ್ವಾ? ಜಿಐ ಟ್ಯಾಗ್ ಇರೋ ಹಣ್ಣು. ಪನಾಮಾ ಸೊರಗು ರೋಗ ಬಂದು ಅದರ ತೋಟಗಳೇ ಕರಗಿಹೋದ್ವು. ಫ್ಯುಸೇರಿಯಂ ಅನ್ನೋ ಆ ಶಿಲೀಂಧ್ರ ಗಿಡದೊಳಗೆ ನೀರು ಏರೋ ದಾರಿಯನ್ನೇ ಮುಚ್ಚಿಬಿಡುತ್ತೆ. ಗಿಡ ಕಿತ್ತು ಹಾಕಿದ್ರೂ ಮಣ್ಣಲ್ಲಿ ದಶಕಗಟ್ಟಲೆ ಬದುಕಿರುತ್ತೆ. ಮೇಲಿಂದ ಔಷಧಿ ಹೊಡೆದ್ರೆ ಅಲ್ಲಿಗೆ ತಲುಪೋದೇ ಇಲ್ಲ.

4/5
ಮಣ್ಣೊಳಗಿನ ಕಳ್ಳನಿಗೆ ಮಣ್ಣೊಳಗೇ ಕಾವಲು ಬೇಕು. ಟ್ರೈಕೋಡರ್ಮಾ ಬೇರಿನ ಸುತ್ತ ಮೊದಲೇ ಜಾಗ ಹಿಡಿಯುತ್ತೆ, ರೋಗದ ಶಿಲೀಂಧ್ರಕ್ಕೆ ಸಿಗೋ ಆಹಾರ ಕಿತ್ಕೊಳ್ಳುತ್ತೆ, ಅದರ ಕೋಶದ ಗೋಡೆಯನ್ನ ಕರಗಿಸುತ್ತೆ. ಆದ್ರೆ ಸೊರಗಿ ನಿಂತ ಗಿಡವನ್ನ ಇದು ಎಬ್ಬಿಸಲ್ಲ. ಬಿಕಾಂ ಭಾಷೇಲಿ ಹೇಳ್ಬೇಕಂದ್ರೆ ಇದು ಇನ್ಶೂರೆನ್ಸ್ ಇದ್ದಹಾಗೆ: ಆಕ್ಸಿಡೆಂಟ್ ಆದ್ಮೇಲೆ ಪಾಲಿಸಿ ಮಾಡ್ಸಿದ್ರೆ ಏನು ಬಂತು?

5/5
ಸಾಮಾನ್ಯವಾಗಿ ಹೇಳೋ ಲೆಕ್ಕ: 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಪುಡಿ. ನೆರಳಲ್ಲಿ ಒದ್ದೆ ಆರದಂಗೆ ಮುಚ್ಚಿ ಒಂದೆರಡು ವಾರ ಬಿಟ್ಟು, ನಾಟಿ ಟೈಮಲ್ಲಿ ಗುಂಡಿಗೆ ಹಾಕೋದು. ಶಿಲೀಂಧ್ರನಾಶಕದ ಜೊತೆ ಬೆರೆಸ್ಬೇಡಿ, ಕಾವಲುಗಾರನೇ ಸಾಯ್ತಾನೆ. ಪ್ಯಾಕೆಟ್ ಮೇಲಿನ ತಾರೀಖು ನೋಡಿ, ಬಿಸಿಲಲ್ಲಿ ಇಟ್ಟಿದ್ದನ್ನ ತಗೋಬೇಡಿ.

1967ರಲ್ಲಿ ಶುರುವಾದ, ಹೆಸರಘಟ್ಟದಲ್ಲಿರೋ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಂಥ ಜೈವಿಕ ಪುಡಿಗಳ ಮೇಲೆ ಕೆಲಸ ಮಾಡಿದೆ. ಮಾಲೂರಿನೋರಿಗೆ ಅದೇನು ದೂರ ಅಲ್ಲ. ಸಾಲ ಮಾಡಿ ಪಪ್ಪಾಯಿ ಹಾಕೋರು ನಿಮ್ಮನೇಲಿದ್ರೆ, ಗುಂಡಿ ತೋಡೋಕೆ ಮುಂಚೆ ಇದನ್ನ ಓದಿ ಹೇಳಿ. ಎಲೆ ಹಳದಿ ಆದ್ಮೇಲೆ ಹೇಳಿದ್ರೆ ತಡ.

#ಮಾಲೂರು #ಮಣ್ಣಿನಕಥೆ #ರಸಬಾಳೆ