ಕೂಪೆ ಬಾರದ ಸೀಮೆಯಲ್ಲಿ ಮಾರ್ಪಡಿಸಿದ ಕಾರಿನ ವ್ಯಾಪಾರ

ಎರಡು ಬಾಗಿಲಿನ ಜಪಾನಿ ಸ್ಪೋರ್ಟ್ಸ್ ಕೂಪೆ ಕರ್ನಾಟಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಎಂದೂ ಸುಲಭವಾಗಿ ಸಿಕ್ಕ ಗಾಡಿಯಲ್ಲ. ಅದನ್ನು ತಡೆದದ್ದು ಆಮದು ನಿಯಮ. 1980ರ ದಶಕದಲ್ಲಿ ಹೊರದೇಶದ ಕಾರು ತರಿಸಲು ಪರವಾನಗಿ ಬೇಕಿತ್ತು. ಸುಂಕ ಕಾರಿನ ಬೆಲೆಯನ್ನೇ ಮೀರುತ್ತಿತ್ತು. 2001ರಲ್ಲಿ ಬಳಸಿದ ಕಾರಿಗೆ ದಾರಿ ತೆರೆದಾಗಲೂ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು ಎಂಬ ಷರತ್ತು ಇತ್ತು. 1990ರ ದಶಕದಲ್ಲಿ ಲೋಕಪ್ರಸಿದ್ಧವಾದ ಟೊಯೋಟಾ ಸೂಪ್ರಾ, ಮಜ್ದಾ ಆರ್‌ಎಕ್ಸ್-7, ನಿಸಾನ್ ಸ್ಕೈಲೈನ್ ಜಿ.ಟಿ.-ಆರ್ ಈ ಮೂರರ ತಯಾರಿಕೆಯೂ 2002ರಲ್ಲಿ ನಿಂತಿತು. ಹಾಗಾಗಿ 2005ರ ಹೊತ್ತಿಗೆ ಅವನ್ನು ಈ ದಾರಿಯಿಂದ ತರಿಸುವ ಅವಕಾಶವೇ ಮುಗಿದಿತ್ತು.

ಜಪಾನಿನ ಕೂಪೆ ಬಾರದಿದ್ದರೂ ಜಪಾನಿನ ಎಂಜಿನ್ ಇಲ್ಲಿ ಬೇರೂರಿತು. 1985ರಲ್ಲಿ ಬಂದ ಪ್ರೀಮಿಯರ್ 118 ಎನ್.ಇ.ಯ ಮೈ ಫಿಯಟ್‌ನದು, ಎಂಜಿನ್ ನಿಸಾನ್‌ನದು. ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸಾ ಮುಂದೆ ಇಸುಜು ಎಂಜಿನ್ ಪಡೆಯಿತು, ಅಂಬಾಸಡರ್‌ಗೂ ಅದೇ ಬಂತು. ಪೆಟ್ರೋಲ್ ಅಂಬಾಸಡರ್‌ಗೆ ಡೀಸೆಲ್ ಎಂಜಿನ್ ಕೂರಿಸುವುದು ಟ್ಯಾಕ್ಸಿಯವರಲ್ಲಿ ಆಗಲೇ ರೂಢಿಯಾಗಿತ್ತು. ಒಂದು ಗಾಡಿಯ ಎಂಜಿನ್ನನ್ನು ಇನ್ನೊಂದಕ್ಕೆ ಕೂರಿಸುವ ಮೆಕ್ಯಾನಿಕ್‌ನ ಕೈಚಳಕ ಹುಟ್ಟಿದ್ದು ಶೋಕಿಯಿಂದಲ್ಲ, ಪೆಟ್ರೋಲ್ ಖರ್ಚಿನಿಂದ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಈ ಕಸುಬಿಗೆ ಬೇಕಾದ ಸಾಮಾನು ಒದಗಿಸಿದವು.

1983ರ ಡಿಸೆಂಬರಿನಲ್ಲಿ ಸುಜುಕಿ ತಂತ್ರಜ್ಞಾನದ ಮಾರುತಿ 800 ಬಂದ ಮೇಲೆ ಚಿತ್ರ ಬದಲಾಯಿತು. ಮುಂದೆ ಬಂದ ಮಾರುತಿ 1000, ಜೆನ್, ಎಸ್ಟೀಮ್‌ಗಳೂ 1998ರ ಹೋಂಡಾ ಸಿಟಿ, ಮಿತ್ಸುಬಿಷಿ ಲ್ಯಾನ್ಸರ್‌ಗಳೂ ವೇಗಪ್ರಿಯರ ಕೈಸೇರಿದವು. ಸೈಲೆನ್ಸರ್, ಸಸ್ಪೆನ್ಷನ್, ಚಕ್ರ, ಕೊನೆಗೆ ಎಂಜಿನ್ ಟ್ಯೂನಿಂಗ್: ಬದಲಾವಣೆ ಸಾಮಾನ್ಯವಾಗಿ ಈ ಕ್ರಮದಲ್ಲಿ ನಡೆಯುತ್ತಿತ್ತು. ಹೋಂಡಾದ ವಿ-ಟೆಕ್ ಎಂಜಿನಿನ ಸಿಟಿ ಇವರಿಗೆ ಕೂಪೆಯ ಬದಲಿಯಾಯಿತು. 2003ರಲ್ಲಿ ಮಾರುತಿ ಜೆನ್ ಕಾರ್ಬನ್, ಜೆನ್ ಸ್ಟೀಲ್ ಎಂಬ ಎರಡು ಬಾಗಿಲಿನ ಮಾದರಿಗಳನ್ನು ಸೀಮಿತ ಸಂಖ್ಯೆಯಲ್ಲಿ ಬಿಟ್ಟದ್ದುಂಟು. ಇವು ಕೂಪೆ ಅಲ್ಲದಿದ್ದರೂ ಅಂದಿನ ಜನಸಾಮಾನ್ಯರ ಕಾರುಗಳಲ್ಲಿ ಆ ಆಸೆಗೆ ತಕ್ಕಮಟ್ಟಿಗೆ ಹತ್ತಿರವಾದವು.

ಮಾಡಿಫೈ ಮಾಡಿದ ಗಾಡಿಯನ್ನು ಮಾರುವ ಕಷ್ಟ ಬೇರೆಯೇ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಂಥ ಕಡೆ ಅದು ಇನ್ನೂ ಎದ್ದು ಕಾಣುತ್ತದೆ. ಚಿಕ್ಕತಿರುಪತಿ ಇರುವ ಈ ಸೀಮೆಗೆ ಬೆಂಗಳೂರು ಒಂದು ಮಗ್ಗುಲು, ತಮಿಳುನಾಡಿನ ಹೊಸೂರು ಇನ್ನೊಂದು ಮಗ್ಗುಲು. ಕೋಲಾರದ ಕೆ.ಎ.-07, ಕೆ.ಜಿ.ಎಫ್.ನ ಕೆ.ಎ.-08, ಹೊಸೂರಿನ ಟಿ.ಎನ್.-70 ನಂಬರ್ ಪ್ಲೇಟಿನ ಗಾಡಿಗಳು ಒಂದೇ ರಸ್ತೆಯಲ್ಲಿ ಓಡುತ್ತವೆ. ರಾಜ್ಯದೊಳಗೆ ಮಾಲೀಕರ ಹೆಸರು ಬದಲಿಸಲು ಫಾರಂ 29, 30 ಸಾಕು. ಗಡಿ ದಾಟಿದರೆ ಫಾರಂ 28ರ ಎನ್.ಒ.ಸಿ. (ನಿರಾಕ್ಷೇಪಣಾ ಪತ್ರ) ಬೇಕು, ಕೊಂಡವರು ತಮ್ಮ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಆರ್.ಸಿ.ಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದ ಎಂಜಿನ್ ನಂಬರಿಗೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣವನ್ನು 2000ದಲ್ಲಿ ಬಿಗಿ ಮಾಡಲಾಯಿತು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ ಎಂಬುದು ಅದರ ಸಾರ. ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಹೀಗೆ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು.

ಹೀಗಾಗಿ ಮಾರಾಟದ ರೀತಿಯೂ ಬದಲಾಯಿತು. ಹಿಂದೆ ಹೆಚ್ಚು ದುಡ್ಡು ಸುರಿದ ಗಾಡಿಗೆ ಹೆಚ್ಚು ಬೆಲೆ ಕೇಳುವುದು ಮಾರುವವರ ವಾಡಿಕೆಯಾಗಿತ್ತು. ಈಗ ಕಳಚಿಟ್ಟ ಒರಿಜಿನಲ್ ಸೈಲೆನ್ಸರ್, ಸ್ಪ್ರಿಂಗ್, ಚಕ್ರಗಳನ್ನು ಜೋಪಾನ ಮಾಡಿದವರೇ ಜಾಣರು. ಅವನ್ನು ಮತ್ತೆ ಕೂರಿಸಿ ಗಾಡಿ ಕೊಟ್ಟು, ಬಿಚ್ಚಿದ ಸಾಮಾನನ್ನು ಬೇರೆಯಾಗಿ ಮಾರುವುದೇ ಲಾಭ. ಸರ್ವಿಸ್ ಬಿಲ್ಲುಗಳು, ಇನ್ಶೂರೆನ್ಸ್, ತುಕ್ಕಿಲ್ಲದ ತಳಭಾಗ, ಸ್ಪಷ್ಟವಾಗಿ ಕಾಣುವ ಚಾಸಿ ನಂಬರು ಬೆಲೆ ಕಟ್ಟುವಾಗ ಮೊದಲು ಬರುತ್ತವೆ. ಹೆಸರು ಬದಲಾಗದೆ ಕೈಬದಲಾದ ಗಾಡಿ ಅಪಘಾತ ಮಾಡಿದರೆ ಆರ್.ಸಿ.ಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದರಿಂದ, ಮಾರುವವರೂ ಕಾಗದಕ್ಕೆ ಅವಸರ ಮಾಡತೊಡಗಿದರು. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ವ್ಯಾಪಾರಿಗಳು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕೇಂದ್ರ ನಿಯಮ ಜಾರಿಗೆ ಬಂತು. ತಮ್ಮ ವಶದಲ್ಲಿರುವ ಗಾಡಿ ಯಾವ ಕೆಲಸಕ್ಕೆ, ಎಷ್ಟು ಕಿಲೋಮೀಟರ್ ಓಡಿತೆಂಬ ದಾಖಲೆಯನ್ನೂ ಅವರು ಇಡಬೇಕು.